ಚಿಪ್ಪಿನೊಳಗಿನ ಕಾಮಾಲೆ
ಪ್ರಶ್ನೆ: ಗೋಕರ್ಣಕ್ಕೆ ಹೋದಾಗ ಚಿಪ್ಪಿಕಲ್ಲು ತಿಂದರೆ ಕಾಮಾಲೆ ಬರುತ್ತದೆಯೇ? (ಲಕ್ಷ್ಮೇಶ್ವರದ ಓದುಗರು)

ಅರೆಬೆಂದದ್ದಾದರೆ ಬರಬಹುದು. ಗೋಕರ್ಣದ ಬಳಿಯ ಅಘನಾಶಿನಿ ಅಳಿವೆಯ ಚಿಪ್ಪುಜೀವಿಗಳು ನೀರು ಸೋಸಿಯೇ ಬದುಕುತ್ತವೆ. ಆ ನೀರಿಗೆ ಕೊಳಚೆ ಬೆರೆತರೆ ಕಾಮಾಲೆ ತರುವ ಹೆಪಟೈಟಿಸ್ ಎ, ವಾಂತಿಭೇದಿ ತರುವ ನೊರೊವೈರಸ್‌ಗಳು ಅವುಗಳ ಜೀರ್ಣಾಂಗದಲ್ಲಿ ಶೇಖರವಾಗುತ್ತವೆ. ಚಿಪ್ಪಿಗೇನೂ ಆಗದು, ತಿಂದವರು ಮಲಗುತ್ತಾರೆ.

1988ರಲ್ಲಿ ಶಾಂಘೈ ನಗರದಲ್ಲಿ ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ತಗುಲಿತು. ಮಲಿನ ನೀರಿನ ಚಿಪ್ಪುಗಳನ್ನು ಕುದಿನೀರಲ್ಲಿ ಅದ್ದಿ ತೆಗೆದು, ಹೆಚ್ಚುಕಡಿಮೆ ಹಸಿಯಾಗಿಯೇ ತಿಂದಿದ್ದರು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಂಶೋಧಕರು ನಮ್ಮ ಕರಾವಳಿಯ ಚಿಪ್ಪುಗಳಲ್ಲೂ ಮನುಷ್ಯರ ಕರುಳಿನ ವೈರಾಣುಗಳನ್ನು ಗುರುತಿಸಿದ್ದಾರೆ.

ಚಿಪ್ಪು ಬಾಯಿ ತೆರೆದರಷ್ಟೇ ಸಾಲದು. ಒಳಗಿನ ಮಾಂಸ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ 90 ಸೆಕೆಂಡಾದರೂ ಬೇಯಬೇಕು. ಮಸಾಲೆಯಲ್ಲಿ ಚೆನ್ನಾಗಿ ಕುದಿಸುವ ಕರಾವಳಿಯ ಪದ್ಧತಿ ನಿಜಕ್ಕೂ ದೊಡ್ಡ ರಕ್ಷಣೆ.

ಶಿರಹಟ್ಟಿ, ಮುಂಡರಗಿಯಂಥ ಒಳನಾಡಿನಲ್ಲಿ ಮಾತ್ರ ಈ ಕಾಮಾಲೆ ಮಲಿನ ಕುಡಿಯುವ ನೀರಿನಿಂದ ಬರುವ ಸಂಭವವೇ ಹೆಚ್ಚು.