ಸೊನ್ನೆ ಬಂತು ಅಂದ್ರೆ ‘ಇಲ್ಲ’ ಅಂತಲ್ಲ: ವಿಕಿಡೇಟಾ ಕ್ವೆರಿ ಕೈಕೊಟ್ಟಾಗ ಏನು ಮಾಡೋದು?

ಇವತ್ತಿನ ಮಾತು ವಿಕಿಡೇಟಾ ಬಗ್ಗೆ. ವಿಕಿಪೀಡಿಯಾ ನಿಮಗೆಲ್ಲ ಗೊತ್ತು. ಅದರ ತಂಗಿ ಥರ 2012ರ ಅಕ್ಟೋಬರ್‌ನಲ್ಲಿ ಶುರುವಾದದ್ದು ವಿಕಿಡೇಟಾ. ಅಲ್ಲಿ ಲೇಖನಗಳಿಲ್ಲ, ಚಿಕ್ಕ ಚಿಕ್ಕ ಸಂಗತಿಗಳಿವೆ. ‘ಕುವೆಂಪು, ಪಡೆದ ಪ್ರಶಸ್ತಿ, ಜ್ಞಾನಪೀಠ’ ಅನ್ನೋ ಹಾಗೆ ಮೂರು ತುಂಡಿನ ವಾಕ್ಯಗಳು. ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿರೋದ್ರಿಂದ ಇದನ್ನ ಲಿಂಕ್ಡ್ ಓಪನ್ ಡೇಟಾ ಅಂತಾರೆ. ದುಡ್ಡು ಕೊಡಬೇಕಿಲ್ಲ, ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಬ್ರೌಸರ್ ಇದ್ರೆ ಸಾಕು, ಮೊಬೈಲ್‌ನಲ್ಲೇ ಪ್ರಶ್ನೆ ಕೇಳಬಹುದು. ಹಾಗೆ ಕೇಳೋ ಭಾಷೆಯ ಹೆಸರು ಸ್ಪಾರ್ಕಲ್.

ಈಗ ಸಮಸ್ಯೆಗೆ ಬರೋಣ. ಸ್ಪಾರ್ಕಲ್‌ನಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋದ್ರೆ ಅದು ತಕ್ಷಣ ಎರರ್ ತೋರಿಸುತ್ತೆ. ಅದೇನೂ ದೊಡ್ಡ ತಲೆನೋವಲ್ಲ. ನನಗೆ ಭಯ ಹುಟ್ಟಿಸೋದು ಇನ್ನೊಂದು ಥರದ ತಪ್ಪು. ಕ್ವೆರಿ ಸಲೀಸಾಗಿ ಓಡುತ್ತೆ, ಉತ್ತರನೂ ಬರುತ್ತೆ, ಆದ್ರೆ ಆ ಉತ್ತರ ತಪ್ಪಿರುತ್ತೆ. ಅದನ್ನ ನಂಬಿ ನೀವು ಕಾಲೇಜ್ ಪ್ರಾಜೆಕ್ಟ್‌ನಲ್ಲೋ, ಇನ್‌ಸ್ಟಾಗ್ರಾಂ ಚಾರ್ಟ್‌ನಲ್ಲೋ ‘ಕನ್ನಡದಲ್ಲಿ ಲೇಖಕಿಯರು ಇಷ್ಟೇ ಜನ’ ಅಂತ ಹಾಕಿಬಿಟ್ರೆ? ಎಷ್ಟೋ ಜನ ಲೆಕ್ಕದಿಂದಲೇ ಮಾಯ. ನೋಡಿದವರು ಅದನ್ನೇ ನಿಜ ಅಂದ್ಕೊಂಡು ಶೇರ್ ಮಾಡ್ತಾರೆ.

ಹಾಗಾದ್ರೆ ಹಿಡಿಯೋದು ಹೇಗೆ? ನಾನು ಎಲ್ಲರಿಗೂ ಹೇಳೋ ಮೊದಲ ಸೂತ್ರ ಇದು: ಉತ್ತರ ಗೊತ್ತಿರೋ ಪ್ರಶ್ನೆಯಿಂದ ಶುರು ಮಾಡಿ. ಕನ್ನಡಕ್ಕೆ ಜ್ಞಾನಪೀಠ ತಂದವರು 8 ಜನ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಇದು ಬಾಯಿಪಾಠ ಅಲ್ವಾ? ಅಂದ್ರೆ ನಿಮ್ಮ ಕ್ವೆರಿ 8ಕ್ಕಿಂತ ಕಮ್ಮಿ ಕೊಟ್ರೂ ಜಾಸ್ತಿ ಕೊಟ್ರೂ ಎಲ್ಲೋ ಎಡವಟ್ಟಾಗಿದೆ.

ಕಮ್ಮಿ ಬರೋದು ಯಾಕೆ? ಈ ಪಟ್ಟಿಗೆ ‘ತೀರಿಕೊಂಡ ದಿನಾಂಕ’ ಅನ್ನೋ ಸಾಲು ಸೇರಿಸಿ ನೋಡಿ. ಕಂಬಾರರ ಹೆಸರು ಹೊರಟುಹೋಗುತ್ತೆ. ಯಾಕಂದ್ರೆ ಸ್ಪಾರ್ಕಲ್‌ನಲ್ಲಿ ನೀವು ಬರೆದ ಪ್ರತಿ ಸಾಲೂ ಒಂದು ಷರತ್ತು. ದಿನಾಂಕ ಇಲ್ಲದವರು ಷರತ್ತು ದಾಟಲ್ಲ. ‘ಇದ್ರೆ ತೋರಿಸು, ಇಲ್ದಿದ್ರೆ ಖಾಲಿ ಬಿಡು’ ಅನ್ನೋಕೆ ಆ ಸಾಲನ್ನ ಆಪ್ಷನಲ್ ಅನ್ನೋ ಪದದ ಒಳಗೆ ಹಾಕಬೇಕು. ಲೇಖಕಿಯರ ಪಟ್ಟಿ ಸೊರಗೋದೂ ಬಹಳ ಸಲ ಹೀಗೇ. ಹುಟ್ಟಿದ ದಿನ, ಊರು, ಫೋಟೋ ಎಲ್ಲ ಕಡ್ಡಾಯ ಅಂದುಬಿಟ್ರೆ, ಕಮ್ಮಿ ದಾಖಲಾದವರೇ ಮೊದಲು ಹೊರಬೀಳ್ತಾರೆ.

ಎರಡನೇ ಕಾರಣ ಊರು. ‘ಹುಟ್ಟಿದ ಸ್ಥಳ ಕರ್ನಾಟಕ’ ಅಂತ ನೇರವಾಗಿ ಕೇಳಿದ್ರೆ ಬಹಳಷ್ಟು ಜನ ಸಿಗಲ್ಲ. ಕಾರಂತರು ಹುಟ್ಟಿದ್ದು ಕೋಟದಲ್ಲಿ. ಕೋಟ ಇರೋದು ಉಡುಪಿ ಜಿಲ್ಲೆಯಲ್ಲಿ, ಉಡುಪಿ ಇರೋದು ಕರ್ನಾಟಕದಲ್ಲಿ. ವಿಕಿಡೇಟಾ ಇದನ್ನ ಮೆಟ್ಟಿಲು ಮೆಟ್ಟಿಲಾಗಿ ಇಡುತ್ತೆ. ಈ ಮೆಟ್ಟಿಲಿನ ಗುರುತು ಪಿ131, ಅಂದ್ರೆ ‘ಇರುವ ಆಡಳಿತ ಪ್ರದೇಶ’. ಅದರ ಪಕ್ಕ ಒಂದು ನಕ್ಷತ್ರ ಚಿಹ್ನೆ ಹಾಕಿದ್ರೆ ‘ಎಷ್ಟು ಮೆಟ್ಟಿಲಾದ್ರೂ ಹತ್ತು’ ಅಂತ ಅರ್ಥ. ಇಷ್ಟಾದ್ಮೇಲೂ ಗಿರೀಶ ಕಾರ್ನಾಡರು ಬರಲ್ಲ! ಅವರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಇಲ್ಲಿ ಕ್ವೆರಿಯದ್ದೇನೂ ತಪ್ಪಿಲ್ಲ. ‘ಕನ್ನಡದ ಲೇಖಕರು’ ಬೇರೆ, ‘ಕರ್ನಾಟಕದಲ್ಲಿ ಹುಟ್ಟಿದ ಲೇಖಕರು’ ಬೇರೆ. ನಾವು ಕೇಳಬೇಕಾದ ಪ್ರಶ್ನೆ ಯಾವುದು ಅಂತ ಮೊದಲು ನಮಗೆ ಸ್ಪಷ್ಟ ಇರಬೇಕು.

ಪೂರ್ತಿ ಸೊನ್ನೆ ಬಂದ್ರೆ ಪೂರ್ವಪದ ನೋಡಿ. ವಸ್ತುಗಳಿಗೆ, ಅಂದ್ರೆ ಕ್ಯೂ ಸಂಖ್ಯೆಗಳಿಗೆ, ‘ಡಬ್ಲ್ಯುಡಿ’ ಬರುತ್ತೆ. ಗುಣಗಳಿಗೆ, ಅಂದ್ರೆ ಪಿ ಸಂಖ್ಯೆಗಳಿಗೆ, ‘ಡಬ್ಲ್ಯುಡಿಟಿ’ ಬರುತ್ತೆ. ಕ್ಯೂ5 ಅಂದ್ರೆ ಮನುಷ್ಯ. ಅದರ ಮುಂದೆ ‘ಡಬ್ಲ್ಯುಡಿಟಿ’ ಹಾಕಿದ್ರೆ ಎರರ್ ಬರಲ್ಲ, ಸುಮ್ಮನೆ ಸೊನ್ನೆ ಬರುತ್ತೆ. ಇನ್ನೊಂದು ವಿಷಯ. 2025ರಲ್ಲಿ ಸಂಶೋಧನಾ ಲೇಖನಗಳ ಮಾಹಿತಿಯನ್ನ ಮುಖ್ಯ ಕ್ವೆರಿ ಸೇವೆಯಿಂದ ಬೇರೆ ಮಾಡಿದ್ದಾರೆ. ಹಳೇ ಟ್ಯುಟೋರಿಯಲ್ ನೋಡಿ ಅಂಥ ಲೇಖನ ಹುಡುಕಿದ್ರೆ ಇಲ್ಲಿ ಸಿಗಲ್ಲ, ಅದಕ್ಕೇ ಇರೋ ಬೇರೆ ವಿಳಾಸಕ್ಕೆ ಹೋಗಬೇಕು.

ಜಾಸ್ತಿ ಬಂದ್ರೆ? ಸಾಲುಗಳ ಸಂಖ್ಯೆಯನ್ನ ಜನರ ಸಂಖ್ಯೆ ಅಂದ್ಕೋಬೇಡಿ. ಒಬ್ಬ ಲೇಖಕರಿಗೆ 4 ವೃತ್ತಿ, 5 ಪ್ರಶಸ್ತಿ ದಾಖಲಾಗಿದ್ದು, ಎರಡನ್ನೂ ಒಟ್ಟಿಗೆ ಕೇಳಿದ್ರೆ ಅವರೊಬ್ಬರಿಗೇ 20 ಸಾಲು ಬರುತ್ತೆ. ಎಣಿಸೋವಾಗ ಡಿಸ್ಟಿಂಕ್ಟ್ ಅನ್ನೋ ಪದ ಸೇರಿಸಿ, ವ್ಯಕ್ತಿಯನ್ನಷ್ಟೇ ಎಣಿಸಿ.

ಇನ್ನು ಟೈಮ್‌ಔಟ್. ಈ ಸೇವೆಯಲ್ಲಿ ಒಂದು ಕ್ವೆರಿಗೆ ಸಿಗೋದು 60 ಸೆಕೆಂಡ್. ಅಷ್ಟರಲ್ಲಿ ಮುಗೀಲಿಲ್ಲ ಅಂದ್ರೆ ನಿಲ್ಲಿಸಿಬಿಡುತ್ತೆ. ‘ಎಲ್ಲ ಮನುಷ್ಯರನ್ನೂ ತಗೋ, ಆಮೇಲೆ ಹೆಸರಲ್ಲಿ ಈ ಪದ ಇದೆಯಾ ನೋಡು’ ಅಂದ್ರೆ ಸುಸ್ತಾಗೋದು ಸಹಜ. ಮೊದಲು ಚಿಕ್ಕ ಗುಂಪು ಮಾಡಿ: ಪ್ರಶಸ್ತಿ, ಭಾಷೆ, ಊರು. ಪರೀಕ್ಷೆ ಮಾಡೋವಾಗ ಲಿಮಿಟ್ 10 ಹಾಕಿ. ಹೆಸರು ತೋರಿಸೋ ಲೇಬಲ್ ಸೇವೆಯನ್ನ ಕೊನೆಗೆ ಸೇರಿಸಿ. ಅದರಲ್ಲಿ ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ಅಂತ ಕೊಟ್ರೆ, ಕನ್ನಡ ಹೆಸರು ಇಲ್ಲದ ಕಡೆ ಇಂಗ್ಲಿಷ್ ಬರುತ್ತೆ. ಎರಡೂ ಇಲ್ದಿದ್ರೆ ಬರೀ ಕ್ಯೂ ಸಂಖ್ಯೆ ಕಾಣುತ್ತೆ. ಹೆಸರಿನ ಜಾಗದಲ್ಲಿ ಸಂಖ್ಯೆ ಕಂಡ್ರೆ ಗಾಬರಿ ಬೇಡ.

ಇಷ್ಟೆಲ್ಲ ನೆನಪಿಟ್ಕೊಳ್ಳೋಕೆ ಆಗಲ್ಲ ಅಂದ್ರೆ ಒಂದೇ ಒಂದು ಕೆಲಸ ಮಾಡಿ. ಕ್ವೆರಿಯ ಎಲ್ಲ ಷರತ್ತಿನ ಸಾಲುಗಳ ಮುಂದೆ ಹ್ಯಾಷ್ ಚಿಹ್ನೆ ಹಾಕಿ, ಆಗ ಅವು ನಿದ್ದೆಗೆ ಹೋಗ್ತವೆ. ಮೊದಲ ಸಾಲು ಮಾತ್ರ ಎಬ್ಬಿಸಿ ಓಡಿಸಿ, ಎಷ್ಟು ಬಂತು ಬರ್ಕೊಳ್ಳಿ. ಎರಡನೇದನ್ನ ಎಬ್ಬಿಸಿ, ಮತ್ತೆ ಬರ್ಕೊಳ್ಳಿ. 8, 8, 7 ಅಂತ ಇಳೀತಾ? ಹಾಗಾದ್ರೆ ಕಳ್ಳ ಮೂರನೇ ಸಾಲಿನಲ್ಲಿದ್ದಾನೆ. ಬಿಟ್ಟುಹೋದವರ ವಿಕಿಡೇಟಾ ಪುಟ ತೆರೆದು ಆ ಮಾಹಿತಿ ಅಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ.

ಪುಟದಲ್ಲೇ ಇಲ್ವಾ? ಹಾಗಿದ್ರೆ ಕ್ವೆರಿ ತಿದ್ದಿ ಪ್ರಯೋಜನ ಇಲ್ಲ, ಮಾಹಿತಿ ತುಂಬಿಸಬೇಕು. ಅದನ್ನ ನೀವೇ ಮಾಡಬಹುದು. ಪುಸ್ತಕದ್ದೋ ಪತ್ರಿಕೆಯದ್ದೋ ಆಧಾರ ಕೊಟ್ಟು ಒಂದು ಸಾಲು ಸೇರಿಸಿ. ಸೇರಿಸಿದ ತಕ್ಷಣ ಕ್ವೆರಿಯಲ್ಲಿ ಕಾಣದೇ ಹೋಗಬಹುದು, ಸ್ವಲ್ಪ ಕಾಯಿರಿ.

ಕೊನೇ ಮಾತು. ಚಾರ್ಟ್ ಹಾಕೋವಾಗ ‘ಕನ್ನಡದಲ್ಲಿ ಇಷ್ಟು ಲೇಖಕಿಯರಿದ್ದಾರೆ’ ಅಂತ ಬರೀಬೇಡಿ. ‘ಈ ದಿನದ ಹೊತ್ತಿಗೆ ವಿಕಿಡೇಟಾದಲ್ಲಿ ಇಷ್ಟು ಜನ ದಾಖಲಾಗಿದ್ದಾರೆ’ ಅಂತ ಬರೀರಿ. ನಾಲ್ಕು ಪದ ಜಾಸ್ತಿ ಆಗುತ್ತೆ, ಆದ್ರೆ ಬಿಟ್ಟುಹೋದವರಿಗೆ ಅನ್ಯಾಯ ಆಗಲ್ಲ. ನಿಮ್ಮ ಊರಿನ ಒಬ್ಬ ಲೇಖಕಿಯ ಹೆಸರನ್ನ ಇವತ್ತೇ ಹುಡುಕಿ ನೋಡಿ. ಸಿಕ್ಕಿದ್ರೆ ಖುಷಿ, ಸಿಗದಿದ್ರೆ ಕೆಲಸ ಸಿಕ್ತು ಅಂದ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.