ಹತ್ತನೆಯ ತರಗತಿಯಿಂದಾಚೆಗೆ

ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗರು ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಸೇರುತ್ತಾರೆ. ಅನೇಕರಿಗೆ ಮೊದಲ ಕಿರುಪರೀಕ್ಷೆಯಲ್ಲಿಯೇ ಅಂಕಗಳು ಕುಸಿಯುತ್ತವೆ. ಮನೆಯವರು “ಹುಡುಗ ಪೇಟೆ ಸೇರಿ ಕೆಟ್ಟ” ಎನ್ನುತ್ತಾರೆ. ಹುಡುಗನೋ ತನಗೆ ಬುದ್ಧಿ ಸಾಲದೆಂದು ಒಳಗೊಳಗೇ ಕೊರಗುತ್ತಾನೆ. ಎರಡೂ ಬಹುಮಟ್ಟಿಗೆ ತಪ್ಪು ತಿಳಿವಳಿಕೆ.

ಆಗಿರುವುದಿಷ್ಟು. ಪ್ರೌಢಶಾಲೆಯಲ್ಲಿ ಒಂದೇ ವಿಷಯವಾಗಿದ್ದ ವಿಜ್ಞಾನ ಇಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರವೆಂದು ಕವಲೊಡೆಯುತ್ತದೆ. ಪಾಠದ ವೇಗವೂ ಹೆಚ್ಚುತ್ತದೆ. ಇದಕ್ಕೆ ಹುಡುಗರು ಹೇಗೋ ಹೊಂದಿಕೊಂಡಾರು. ದೊಡ್ಡ ತೊಡಕು ಭಾಷೆಯದು. ಪಾಠವೂ ಪುಸ್ತಕವೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಿನ್ನೆಯವರೆಗೆ ವೇಗೋತ್ಕರ್ಷವಾಗಿದ್ದುದು ಇಂದು ಆಕ್ಸಲರೇಷನ್, ಸಂವೇಗವಾಗಿದ್ದುದು ಮೊಮೆಂಟಮ್. ಬಲ್ಲ ಸಂಗತಿಯೇ ಗುರುತು ಸಿಗದ ವೇಷದಲ್ಲಿ ಎದುರು ನಿಂತರೆ ಹುಡುಗ ಬೆಪ್ಪಾಗದೆ ಇನ್ನೇನಾದಾನು?

ಕನ್ನಡ ಪಂಡಿತನು ವಿಜ್ಞಾನಕ್ಕೆ ಬಾಯಿ ಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೂ ಪದಗಳ ಮಾತು ಬಂದಾಗ ಸುಮ್ಮನಿರಲಾರೆ. ದ್ಯುತಿಸಂಶ್ಲೇಷಣೆಗೆ ಇಂಗ್ಲಿಷಿನಲ್ಲಿ ಫೋಟೊಸಿಂಥೆಸಿಸ್ ಎನ್ನುತ್ತಾರೆ. ಗ್ರೀಕ್ ಮೂಲದ ಆ ಪದದಲ್ಲಿ ಫೋಟೊ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಕೂಡಿಸುವುದು. ಸಂಸ್ಕೃತದ ದ್ಯುತಿಯೂ ಬೆಳಕೇ, ಸಂಶ್ಲೇಷಣೆಯೂ ಕೂಡಿಸುವುದೇ. ಎಲೆಯು ಬೆಳಕಿನ ಬಲದಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಸಕ್ಕರೆ ಮಾಡುವುದನ್ನು ಎರಡು ಪದಗಳೂ ಒಂದೇ ಬಗೆಯಲ್ಲಿ ಹೇಳುತ್ತಿವೆ. ಹೀಗೆ ಒಂದೆರಡು ಪದಗಳನ್ನು ಬಿಡಿಸಿ ತೋರಿಸಿದರೆ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತದೆ.

ಆದುದರಿಂದ ಕಾಲೇಜು ತೆರೆಯುವ ಮೊದಲಿನ ಬಿಡುವಿನಲ್ಲಿ ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳ ಕನ್ನಡ, ಇಂಗ್ಲಿಷ್ ಪ್ರತಿಗಳೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ. ದಿನಕ್ಕೆ ಹತ್ತು ಸಾಕು. ತರಗತಿ ಆರಂಭವಾದ ಮೇಲೆ ಅಂದಂದಿನ ಪಾಠವನ್ನು ಸಂಜೆ ಕನ್ನಡದಲ್ಲಿ, ತನ್ನದೇ ಮಾತಿನಲ್ಲಿ ಹೇಳಿ ನೋಡಲಿ. ಕೇಳುವವರು ಅಜ್ಜಿಯಾದರೂ ಅಡ್ಡಿಯಿಲ್ಲ. ಹೇಳಲು ತಡವರಿಸಿದ ಕಡೆ ಪಾಠ ತಿಳಿದಿಲ್ಲವೆಂದೇ ಅರ್ಥ. ಮರುದಿನ ಕೇಳಬೇಕಾದುದು ಅದನ್ನೇ.

ಕೇಳುವುದಕ್ಕೆ ಹಳೆಯ ಶಾಲೆಯ ಉಪಾಧ್ಯಾಯರೂ ಆಗಬಹುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು, ಮಯೂರಶರ್ಮನು ಉನ್ನತ ವ್ಯಾಸಂಗಕ್ಕೆಂದು ಕಂಚಿಯ ಘಟಿಕೆಗೆ ಹೋದಾಗ ಗುರು ವೀರಶರ್ಮನೂ ಜೊತೆಯಲ್ಲಿದ್ದನೆಂದು ಹೇಳುತ್ತದೆ. ಪಲ್ಲವರ ರಾವುತನೊಡನೆ ಜಗಳವಾಗಿ, ಓದು ನಿಂತು, ಕದಂಬ ರಾಜ್ಯವೇ ಹುಟ್ಟಿದುದು ಬೇರೆಯ ಕಥೆ. ಹಳೆಯ ಗುರು ಹೊಸ ಊರಿಗೂ ಜೊತೆಗೆ ನಡೆದನೆಂಬುದು ನನಗೆ ಮೆಚ್ಚಿಕೆಯಾದ ಸಂಗತಿ.

ಪೇಟೆಯ ಶ್ರೋತೃಗಳ ಮನೆಗಳಲ್ಲಿ ಹಳ್ಳಿಯ ನೆಂಟರ ಮಕ್ಕಳು ಇದ್ದು ಓದುವುದುಂಟು. ಮೊದಲ ಮೂರು ತಿಂಗಳು ಅವರ ಅಂಕಗಳನ್ನು ಮನೆಯ ಮಕ್ಕಳ ಅಂಕಗಳೊಡನೆ ಹೋಲಿಸದಿರಿ. ಸಂಜೆ ಅವರು ಪುಸ್ತಕ ಹಿಡಿದು ಕೂತಾಗ ರೇಡಿಯೋದ ಸದ್ದನ್ನು ಕೊಂಚ ತಗ್ಗಿಸಿದರೆ ಆಕಾಶವಾಣಿಯವರೂ ಬೇಸರಪಡಲಾರರು.