ಅಕ್ಷರಸಾಲಿನಿಂದ ಡಾಮ್ ಮರಕ್ಕೆ: ಯಾವ ದಾರಿ ಬೇಗ?

ಬ್ರೌಸರಿಗೆ ಎಚ್‌ಟಿಎಂಎಲ್ ಸಿಗುವುದು ಬರೀ ಅಕ್ಷರಗಳ ಸಾಲಾಗಿ. ಆ ಸಾಲನ್ನು ಟ್ಯಾಗು, ಪಠ್ಯಗಳಾಗಿ ಬಿಡಿಸಿ, ಒಂದರೊಳಗೊಂದನ್ನು ಕೂರಿಸಿ ಡಾಮ್ ಮರವಾಗಿ ಕಟ್ಟುವುದೇ ಪಾರ್ಸಿಂಗ್. ಪುಟ ತೆರೆದ ಮೇಲೂ ಜಾವಾಸ್ಕ್ರಿಪ್ಟ್ ಈ ಕೆಲಸವನ್ನು ಮಾಡಿಸಬಲ್ಲದು. ಅದಕ್ಕಿರುವ ಹಳೆಯ ದಾರಿ ಇನ್ನರ್‌ಎಚ್‌ಟಿಎಂಎಲ್. 1997ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರ ಜೊತೆಗೆ ಬಂದದ್ದು ಅದು. ಡಾಮ್‌ಪಾರ್ಸರ್, ಟೆಂಪ್ಲೇಟ್ ಎಲಿಮೆಂಟ್, ಇನ್ಸರ್ಟ್‌ಅಡ್ಜಸೆಂಟ್‌ಎಚ್‌ಟಿಎಂಎಲ್ ಉಳಿದ ಮುಖ್ಯ ದಾರಿಗಳು.

ಇವುಗಳಲ್ಲಿ ಯಾವುದು ವೇಗದ್ದು ಎಂದು ಅಳೆಯಲು ಹೊರಡುವ ಮುನ್ನ, ಇವು ಮಾಡುವುದು ಒಂದೇ ಕೆಲಸವೇ ಎಂದು ನೋಡಲೇಬೇಕು. ಕೋಷ್ಟಕದ ಒಂದೇ ಒಂದು ಸಾಲನ್ನು, ಅದರ ಒಂದು ಕೋಣೆಯಲ್ಲಿ ‘ರಾಗಿ’ ಎಂದು ಬರೆದು, ಡಿವ್ ಒಂದರ ಇನ್ನರ್‌ಎಚ್‌ಟಿಎಂಎಲ್‌ಗೆ ಕೊಡಿ. ಸಾಲೂ ಕೋಣೆಯೂ ಮಾಯವಾಗಿ ‘ರಾಗಿ’ ಮಾತ್ರ ಉಳಿಯುತ್ತದೆ. ಟೇಬಲ್ ಇಲ್ಲದ ಕಡೆ ಸಾಲಿಗೆ ಜಾಗವಿಲ್ಲ ಎಂಬುದು ಪಾರ್ಸಿಂಗ್ ನಿಯಮ. ಡಾಮ್‌ಪಾರ್ಸರ್ ಕೂಡ ಹಾಗೆಯೇ ಮಾಡುತ್ತದೆ. ಟೆಂಪ್ಲೇಟ್ ಮಾತ್ರ ಸಾಲನ್ನು ಸಾಲಾಗಿಯೇ ಉಳಿಸಿಕೊಡುತ್ತದೆ.

ಚಿತ್ರಗಳ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಪುಟಕ್ಕೆ ಸೇರಿಸದ ಡಿವ್‌ನಲ್ಲಿ ಇನ್ನರ್‌ಎಚ್‌ಟಿಎಂಎಲ್ ಬಳಸಿದರೂ ಚಿತ್ರ ಇಳಿಯಲು ಶುರುವಾಗುತ್ತದೆ. ಆ ಚಿತ್ರಕ್ಕೆ ಅಂಟಿಸಿದ ಆನ್‌ಎರರ್ ಕೋಡ್ ಓಡಲೂಬಹುದು. ನಂಬಲಾಗದ ಪಠ್ಯಕ್ಕೆ ಇದು ಅಪಾಯದ ದಾರಿ. ಡಾಮ್‌ಪಾರ್ಸರ್ ಮತ್ತು ಟೆಂಪ್ಲೇಟ್ ಕಟ್ಟುವ ಮರ ಪುಟದ ಹೊರಗಿನ ನಿಷ್ಕ್ರಿಯ ಡಾಕ್ಯುಮೆಂಟಿಗೆ ಸೇರಿದ್ದು. ಅಲ್ಲಿರುವಷ್ಟು ಹೊತ್ತು ಚಿತ್ರ ಇಳಿಯದು. ಅದೇ ಮರವನ್ನು ಸೋಸದೆ ಪುಟಕ್ಕೆ ತಂದರೆ ಅಪಾಯವೂ ಜೊತೆಗೇ ಬರುತ್ತದೆ.

ಈಗ ವೇಗ. ಡಾಮ್‌ಪಾರ್ಸರ್ ಪ್ರತಿ ಸಲವೂ ಹೊಸ ಡಾಕ್ಯುಮೆಂಟ್ ಕಟ್ಟುತ್ತದೆ, ಹೆಡ್, ಬಾಡಿ ಸಮೇತ. ಇಡೀ ಪುಟವನ್ನು ಓದಿಸುವಾಗ ಈ ವೆಚ್ಚ ಲೆಕ್ಕಕ್ಕಿಲ್ಲ; ಲೂಪಿನೊಳಗೆ ಸಾವಿರ ಚೂರುಗಳನ್ನು ಓದಿಸಿದರೆ ಎದ್ದು ಕಾಣುತ್ತದೆ. ಇನ್ನೊಂದೆಡೆ, ಸರಳ ಟ್ಯಾಗುಗಳಷ್ಟೇ ಇರುವ ಇನ್ನರ್‌ಎಚ್‌ಟಿಎಂಎಲ್‌ಗಾಗಿ ಕ್ರೋಮ್‌ನಲ್ಲಿ ಪ್ರತ್ಯೇಕ ವೇಗದ ಪಾರ್ಸರ್ ಇದೆ. ತನ್ನ ಅಳವಿಗೆ ಮೀರಿದ ಟ್ಯಾಗು ಎದುರಾದರೆ ಅದು ಕೆಲಸವನ್ನು ಪೂರ್ಣ ಪಾರ್ಸರಿಗೆ ಒಪ್ಪಿಸುತ್ತದೆ. ಹಾಗಾಗಿ ಒಂದು ಮಾದರಿಯಲ್ಲಿ ಗೆದ್ದ ದಾರಿ ಇನ್ನೊಂದರಲ್ಲಿ ಹಿಂದೆ ಬೀಳಬಹುದು.

ಲೂಪಿನಲ್ಲಿ ಇನ್ನರ್‌ಎಚ್‌ಟಿಎಂಎಲ್‌ಗೆ ಪ್ಲಸ್-ಈಕ್ವಲ್ಸ್ ಹಾಕಿ ಪಠ್ಯ ಜೋಡಿಸುವುದನ್ನು ಮಾತ್ರ ಬಿಟ್ಟೇಬಿಡಬೇಕು. ಪ್ರತಿ ಸಲವೂ ಬ್ರೌಸರ್ ಇರುವ ಮರವನ್ನೆಲ್ಲ ಪಠ್ಯವಾಗಿಸಿ ಮತ್ತೆ ಮೊದಲಿಂದ ಓದುತ್ತದೆ. ಸಾಲುಗಳು ಎರಡು ಪಟ್ಟಾದರೆ ಕೆಲಸ ಸುಮಾರು ನಾಲ್ಕು ಪಟ್ಟಾಗುತ್ತದೆ. ಒಳಗಿನ ಬಟನ್‌ಗಳಿಗೆ ಜೋಡಿಸಿದ್ದ ಲಿಸನರ್‌ಗಳೂ ಹೋಗುತ್ತವೆ. ಇನ್ಸರ್ಟ್‌ಅಡ್ಜಸೆಂಟ್‌ಎಚ್‌ಟಿಎಂಎಲ್ ಹಳೆಯದನ್ನು ಮುಟ್ಟದೆ ಹೊಸದನ್ನಷ್ಟೇ ಸೇರಿಸುತ್ತದೆ. ಒಂದೇ ರಚನೆ ಮತ್ತೆ ಮತ್ತೆ ಬೇಕಿದ್ದರೆ ಟೆಂಪ್ಲೇಟಿನಲ್ಲಿ ಒಮ್ಮೆ ಪಾರ್ಸ್ ಮಾಡಿ, ಆಮೇಲೆ ಅದರ ನಕಲು ತೆಗೆಯುತ್ತಾ ಹೋಗುವುದು ಜಾಣತನ. ಲಿಟ್ ಲೈಬ್ರರಿ ಮಾಡುವುದೂ ಇದನ್ನೇ.

ಅಳೆಯುವಾಗ ಗಡಿಯಾರವನ್ನು ಪೂರ್ತಿ ನಂಬಬಾರದು. ನಿಖರ ಸಮಯ ಅಳೆದು ಗುಟ್ಟಿನ ಮಾಹಿತಿ ಕದಿಯಲು ಎಡೆಕೊಡುವ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ 2018ರಲ್ಲಿ ಬಯಲಾದ ಮೇಲೆ ಬ್ರೌಸರ್‌ಗಳು ಪರ್ಫಾರ್ಮೆನ್ಸ್.ನೌ ಕೊಡುವ ಸಮಯದ ನಿಖರತೆಯನ್ನು ಬೇಕೆಂದೇ ತಗ್ಗಿಸಿದವು. ಒಂದೇ ಸಲ ಓಡಿಸಿ ಪಡೆದ ಅಂಕಿಗೆ ಬೆಲೆಯಿಲ್ಲ. ಸಾವಿರಾರು ಸಲ ಓಡಿಸಿ ಒಟ್ಟು ಸಮಯ ನೋಡಬೇಕು. ಪರೀಕ್ಷೆಗೆ ಕನ್ನಡ ಪಠ್ಯವನ್ನೇ ಕೊಡುವುದೂ ಮುಖ್ಯ. ಕ್ರೋಮ್‌ನ ವಿ8 ಎಂಜಿನ್ ಇಂಗ್ಲಿಷ್ ಅಕ್ಷರವನ್ನು ಒಂದು ಬೈಟಿನಲ್ಲಿ ಇಡಬಲ್ಲದು. ಸ್ಟ್ರಿಂಗಿನಲ್ಲಿ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸ್ಟ್ರಿಂಗ್ ಎರಡು ಬೈಟಿನ ಲೆಕ್ಕಕ್ಕೆ ಹೋಗುತ್ತದೆ. ಬರೀ ಇಂಗ್ಲಿಷ್ ಪಠ್ಯ ಕೊಟ್ಟು ಪಡೆದ ಫಲಿತಾಂಶ ಕನ್ನಡ ಪುಟಕ್ಕೂ ಹಾಗೆಯೇ ಹೊಂದುತ್ತದೆ ಎನ್ನಲಾಗದು.